ದಲೆಂದಾ ಮಾಡಿದ ಗೊಂಬೆಗಳು

ನಮ್ಮ ಸ್ಫಾಕ್ಸ್ ಊರಿನ ಬಂದರು ರಸ್ತೆಯಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದಾನೆ. ಅವನ ಬಾಗಿಲಲ್ಲಿ ಕೂತು, ಕೆನ್ನೆ ಊದಿಸಿಕೊಂಡು ಬಂದವರ ಹೆಸರು ಕೇಳಿ ಸರದಿ ಹೇಳುವ ಹೆಂಗಸು ದಲೆಂದಾ ಸಲ್ಲಾಮಿ. ಇವಳಿಗೆ ಓದು ಹತ್ತಲಿಲ್ಲವೇನೋ ಎಂದು ಬಂದವರು ಅಂದುಕೊಳ್ಳುತ್ತಾರೆ. ಅವಳು ಎಂಜಿನಿಯರು. ಅವಳ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಮಾಡಿದ ನಾನು, ಜಲೀಲಾ, ಇದನ್ನು ಎಷ್ಟು ಜನರಿಗೆ ಹೇಳಿ ಬಾಯಿ ನೋಯಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ದಲೆಂದಾಳ ತಾಯಿ ಬೇಗ ಹೋದಳು. ಅಪ್ಪ ಫಾಸ್ಫೇಟ್ ಕಾರ್ಖಾನೆಯ ಧೂಳು ಕುಡಿದು ಹೋದ. ಉಳಿದವನು ತಮ್ಮ ಸುಫ್ಯಾನ್. ಅವನ ಮೂಗು ಒರೆಸಿದ್ದು, ಶಾಲೆಗೆ ಕಳಿಸಿದ್ದು, ಪರೀಕ್ಷೆಯ ಹಿಂದಿನ ದಿನ ಪಕ್ಕದಲ್ಲಿ ಕೂತು ಗದರಿಸಿ ಓದಿಸಿದ್ದು ಎಲ್ಲ ಇವಳೇ. ಮದುವೆಯ ಮಾತು ತಂದವರಿಗೆಲ್ಲ "ಇವನು ಒಂದು ದಡ ಸೇರ್ಲಿ, ಆಮೇಲೆ ನೋಡೋಣ" ಎನ್ನುತ್ತಿದ್ದಳು. ಅವನು ದಡ ಸೇರುವ ಹೊತ್ತಿಗೆ ಕೇಳುವವರು ಬರುವುದು ನಿಂತಿತ್ತು.

ನಮ್ಮ ಕಂಪನಿಯ ಕೆಲಸವೆಂದರೆ, ಗಿರಾಕಿಗಳ ಹಳೆಯ ಪ್ರೋಗ್ರಾಮುಗಳನ್ನು ಓದಿ, ಯಾರಿಗೂ ಬೇಡವಾದ ಭಾಗಗಳನ್ನು ಹುಡುಕಿ ಕಿತ್ತುಹಾಕುವ ಸಾಫ್ಟ್‌ವೇರ್ ಮಾಡುವುದು. ಅದರ ಜೀವ ದಲೆಂದಾಳ ಕೈಯಲ್ಲಿತ್ತು. ಪ್ರೋಗ್ರಾಮು ಬರೆಯುವವನು ಮೊದಲು ಘೋಷಿಸಬೇಕಲ್ಲ, ಇದೊಂದು ಕ್ಲಾಸು, ಇದರೊಳಗೆ ಈ ಫಂಕ್ಷನ್ನು, ಅದರೊಳಗೆ ಈ ವೇರಿಯಬಲ್ಲು ಎಂದು. ಹಾಗೆ ಘೋಷಿಸಿದ ಒಂದೊಂದಕ್ಕೂ ಅವಳು ತನ್ನ ಕೋಡಿನಲ್ಲಿ ಒಂದು ಪ್ರತಿರೂಪ ಮಾಡಿದಳು. ಆಫೀಸಿನಲ್ಲಿ ಅವಕ್ಕೆ ಗೊಂಬೆಗಳೆಂದು ಹೆಸರು ಬಿತ್ತು. ತನ್ನ ಹೆಸರೇನು, ತಾನು ಯಾವ ಬಗೆಯದು, ಯಾರ ಮಡಿಲಲ್ಲಿ ಕೂತಿದ್ದೇನೆ, ತನ್ನನ್ನು ಕೆಲಸಕ್ಕೆ ಯಾರು ಕರೆಯುತ್ತಾರೆ ಎಂಬುದೆಲ್ಲ ಪ್ರತಿ ಗೊಂಬೆಗೂ ಗೊತ್ತು. ಬರೆದವನು ಬರೆಯದೆ ಬಿಟ್ಟದ್ದನ್ನು ಪ್ರೋಗ್ರಾಮಿನ ಭಾಷೆ ತಾನಾಗಿ ಸೇರಿಸಿಕೊಳ್ಳುವುದುಂಟು. ಅವಳು ಅವಕ್ಕೂ ಗೊಂಬೆ ಮಾಡಿ, ಇದು ಯಾರೂ ಬರೆದದ್ದಲ್ಲ ಎಂದು ಗುರುತು ಹಾಕಿದ್ದಳು. ಅಷ್ಟು ನಿಗಾ. ವರ್ಷಗಟ್ಟಲೆ ಅದೇ ಧ್ಯಾನ. ಮಧ್ಯಾಹ್ನ ರೊಟ್ಟಿಗೆ ಹರೀಸಾ ಖಾರ ಸವರುತ್ತ ಕೂತವಳು ಇದ್ದಕ್ಕಿದ್ದಂತೆ "ಜಲೀಲಾ, ಹೆಸರೇ ಇಲ್ಲದ ಕ್ಲಾಸಿಗೆ ಮಡಿಲು ಯಾವ್ದು ಹೇಳೇ?" ಎನ್ನುತ್ತಿದ್ದಳು. ನನಗೆ ಬಾಯಿಗಿಟ್ಟ ತುತ್ತೂ ಮರೆಯುತ್ತಿತ್ತು.

ಅವಳದೊಂದು ಕಟ್ಟುನಿಟ್ಟು ಇತ್ತು. ಪ್ರೋಗ್ರಾಮು ಬದಲಾದಾಗ ಅದನ್ನು ಮತ್ತೆ ಓದಿ, ಹಳೆಯ ಗೊಂಬೆಗಳನ್ನು ಬಿಟ್ಟು ಹೊಸವನ್ನು ಮಾಡಬೇಕು. ಹಳೆಯದನ್ನು ಯಾರಾದರೂ ಜೋಪಾನ ಮಾಡಿ ಇಟ್ಟುಕೊಂಡರೆ ಕೆಟ್ಟರು. ಹೆಸರು ಅದೇ, ಉಡುಪು ಅದೇ, ಹೇಳುವುದು ಮಾತ್ರ ನಿನ್ನೆಯ ಸುದ್ದಿ. ಆದ್ದರಿಂದ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಬೆರಳು ತೋರಿಸಿ ಹೇಳುತ್ತಿದ್ದಳು: "ಹಳೇ ಗೊಂಬೆ ಕೈ ಹಿಡೀಬೇಡಿ. ಪ್ರತಿ ಸಲ ಹೆಸರು ಹೇಳಿ ಹೊಸದಾಗಿ ಕೇಳಿ."

ಸುಫ್ಯಾನ್ ಓದು ಮುಗಿಸಿದಾಗ ಅವನನ್ನೂ ಅಲ್ಲಿಗೇ ತಂದು ಸೇರಿಸಿದಳು. ಕೆಲಸ ಕಾಯಂ ಆಗಿರಲಿಲ್ಲ. ಪರದೆಯ ಮೇಲೆ ಕಾಣುವ ಭಾಗ ಅವನದು. ನೋಡಲು ಚೆಲುವ, ಮಾತಿನಲ್ಲಿ ಜಾಣ, ಕೆಲಸದಲ್ಲಿ ಅವಸರ. ಎಣ್ಣೆ ಗಾಣದ ಹಾಜಿ ತೌಫೀಕರ ಮಗಳು ಉಲ್ಫಾಳನ್ನು ಕೊಡುವ ಮಾತಾಗಿತ್ತು. "ಕಾಯಂ ಕೆಲಸ ಆಗ್ಲಿ, ಆವತ್ತೇ ಫಾತಿಹಾ ಓದಿ ಗಟ್ಟಿ ಮಾಡೋಣ" ಎಂದು ಹಾಜಿಗಳು ನಿಂತಿದ್ದರು.

ಲಿಯಾನಿನ ವಿಮಾ ಕಂಪನಿಯವರು ನಮ್ಮ ಸಾಫ್ಟ್‌ವೇರ್ ನೋಡಲು ಬಂದರು. ಪರದೆ ಬೇಗ ಬೇಗ ಓಡಲೆಂದು ಸುಫ್ಯಾನ್ ಯಾರಿಗೂ ಹೇಳದೆ ಗೊಂಬೆಗಳನ್ನೆಲ್ಲ ತನ್ನ ಭಾಗದಲ್ಲಿ ಕೂಡಿಟ್ಟುಕೊಂಡಿದ್ದ. ಬಂದವರಲ್ಲಿ ಒಬ್ಬ ಕಿಲಾಡಿ. ನೆರೆ ಪರಿಹಾರ ಲೆಕ್ಕ ಹಾಕುವ ಫಂಕ್ಷನ್ನು ಯಾರಿಗೂ ಬೇಡವೆಂದು ಪರದೆ ತೋರಿಸುತ್ತಿತ್ತು. ಅವನು ಅಲ್ಲೇ ತಮ್ಮ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ ಆ ಫಂಕ್ಷನ್ನನ್ನು ಕೆಲಸಕ್ಕೆ ಕರೆದ. "ಈಗ ಓಡಿಸಿ" ಎಂದ. ಹಳೆಯ ಗೊಂಬೆ ನಿನ್ನೆಯ ಮಾತನ್ನೇ ಹೇಳಿತು, ನನ್ನನ್ನು ಯಾರೂ ಕರೆಯುವುದಿಲ್ಲ ಎಂದು. ನಮ್ಮ ಸಾಫ್ಟ್‌ವೇರ್ ಅದನ್ನು ಕಿತ್ತು ಬಿಸಾಡಿತು. ಅವರ ಪ್ರೋಗ್ರಾಮು ಅವರ ಕಣ್ಣೆದುರಿಗೇ ಮಗುಚಿಕೊಂಡಿತು. ಕಾಫಿಯನ್ನೂ ಮುಟ್ಟದೆ ಎದ್ದು ಹೋದರು.

ಯಾರ ಭಾಗದಲ್ಲಿ ತಪ್ಪಾಗಿದೆ ಎಂದು ಹೇಳಿ ಎಂದು ನಮ್ಮ ಮಾಲೀಕ ಮುಹ್ಸಿನ್ ಸಾಹೇಬರು ದಲೆಂದಾಳನ್ನು ಒಳಗೆ ಕರೆದರು. ಅವಳಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಸಾಹೇಬರ ಕೋಣೆಯ ಹೊರಗೆ ಸುಫ್ಯಾನ್ ಅವಳ ತೋಳು ಹಿಡಿದುಕೊಂಡ. ನಾನೂ ಜೊತೆಯಲ್ಲಿದ್ದೆ.

"ಅಕ್ಕಾ, ನನ್ನ ಹೆಸರು ಹೇಳಿದ್ರೆ ನಾಳೆನೇ ಮನೆಗೆ ಕಳಿಸ್ತಾರೆ. ಹಾಜಿ ಬಾಗಿಲು ಹಾಕ್ಕೋತಾನೆ."

"ಬಡ್ಕೊಂಡೆನಲ್ಲೋ ನಿಂಗೆ! ಕೂಡಿಟ್ಕೋಬೇಡ ಅಂತ!"

"ನಿನ್ನನ್ನ ಯಾರೂ ಏನೂ ಮಾಡಲ್ಲ ಅಕ್ಕ. ನೀನಿಲ್ದಿದ್ರೆ ಇವರಿಗೆ ಗತಿ ಇಲ್ಲ. ಮದುವೆ ಒಂದಾಗ್ಲಿ, ನಾನೇ ಹೋಗಿ ನಿಜ ಹೇಳ್ತೀನಿ. ಅಮ್ಮನಾಣೆ."

"ಬೇಡ ಕಣೇ" ಎಂದು ನಾನು ಅಂದೆ. ಅವಳು ಒಳಗೆ ಹೋಗಿ, "ಗೊಂಬೆಗಳೇ ಸರಿಯಿಲ್ಲ ಸಾರ್. ತಪ್ಪು ನಂದು" ಎಂದಳು. ತಾನು ಕೈಯಾರೆ ಕಟ್ಟಿದ್ದಕ್ಕೆ ತನ್ನ ಬಾಯಿಂದಲೇ ಮಸಿ ಬಳಿದಳು.

ಸಾಹೇಬರು ಆ ಕೆಲಸವನ್ನು ಅವಳಿಂದ ಕಿತ್ತುಕೊಂಡು, ರಿಪೇರಿ ಮಾಡು ಎಂದು ಯಾರಿಗೆ ಕೊಟ್ಟರು? ಸುಫ್ಯಾನನಿಗೆ! ಅವನು ತಾನು ಕೂಡಿಟ್ಟಿದ್ದನ್ನು ಗುಟ್ಟಾಗಿ ತೆಗೆದುಹಾಕಿ, ಒಂದು ವಾರ ಗಡ್ಡ ಬಿಟ್ಟುಕೊಂಡು ತಿರುಗಿ, ಸರಿ ಮಾಡಿದೆ ಎಂದ. ಲಿಯಾನಿನವರು ಮತ್ತೆ ಬಂದರು, ನೋಡಿದರು, ಒಪ್ಪಿದರು. ಅಕ್ಕ ಕೆಡಿಸಿದ್ದನ್ನು ತಮ್ಮ ಉಳಿಸಿದ ಎಂದು ಆಫೀಸೆಲ್ಲ ಹೊಗಳಿತು. ಕೆಲಸ ಕಾಯಂ ಆಯಿತು, ಫಾತಿಹಾ ಆಯಿತು. ನಾನು ತಡೆಯಲಾರದೆ ಸಾಹೇಬರ ಮುಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. "ಅವಳೇ ಒಪ್ಕೊಂಡಿದಾಳೆ, ನಿಂಗೇನಮ್ಮ ಹೊಟ್ಟೆನೋವು?" ಎಂದರು. ದಲೆಂದಾಳನ್ನು ಗಿರಾಕಿಗಳ ಫೋನೆತ್ತಲು ಕೂರಿಸಿದರು. ಸ್ವಲ್ಪ ದಿನ ಎತ್ತಿದಳು, ಆಮೇಲೆ ತಾನೇ ಬಿಟ್ಟಳು. ಬೇರೆ ಕಡೆ ಕೇಳಲು ಹೋದರೆ ಸುದ್ದಿ ಅವಳಿಗಿಂತ ಮುಂಚೆಯೇ ತಲುಪಿರುತ್ತಿತ್ತು. ಸ್ಫಾಕ್ಸ್ ಎಷ್ಟು ದೊಡ್ಡ ಊರು?

ಮದುವೆಯಾಯಿತು. "ಈಗ ಹೇಳೋ" ಎಂದಳು ದಲೆಂದಾ. ಉಲ್ಫಾ ಬಸುರಿ, ಈಗ ಬೇಡ ಅಕ್ಕ ಎಂದ. ಮಗು ಹುಟ್ಟಿತು. ಈಗ ತಾನೇ ಮುಖ್ಯಸ್ಥನಾಗಿದ್ದೇನೆ, ಕೈಕೆಳಗಿನವರು ಏನಂದುಕೊಂಡಾರು ಎಂದ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಅವಳು ಬಿಟ್ಟಳೆಂದು ನಾನೇನೂ ಬಿಡಲಿಲ್ಲ. ಸಿಕ್ಕಾಗಲೆಲ್ಲ ಅವನನ್ನು ಚುಚ್ಚಿದೆ. ಅವನು ನಗುನಗುತ್ತಲೇ ಬೇರೆ ಮಾತು ತೆಗೆಯುತ್ತಿದ್ದ. ಆ ನಗು ಕಂಡರೆ ನನಗೆ ಮೈ ಉರಿಯುತ್ತದೆ.

ಈ ಸಲದ ರಂಜಾನ್ ಹಬ್ಬದ ಬೆಳಿಗ್ಗೆ ದಲೆಂದಾ ನನ್ನನ್ನೂ ತಮ್ಮನ ಮನೆಗೆ ಎಳೆದುಕೊಂಡು ಹೋದಳು. ಮೇಜಿನ ಮೇಲೆ ಉಪ್ಪುಮೀನು, ಈರುಳ್ಳಿ ಮತ್ತು ಒಣದ್ರಾಕ್ಷಿ ಬೇಯಿಸಿದ ಶರ್ಮೂಲಾ. ಹಾಜಿ ತೌಫೀಕರೂ ಬಂದಿದ್ದರು. ಸುಫ್ಯಾನನ ಮಗಳು ಅಬೀರ್ ಕಾಲೇಜಿನ ಹೊಸ್ತಿಲಲ್ಲಿರುವ ಹುಡುಗಿ. ಅತ್ತೆ ಎಂದರೆ ಪ್ರಾಣ. ತಟ್ಟೆ ಹಿಡಿದುಕೊಂಡು ಬಂದು ಅವಳಿಗೆ ಒತ್ತಿ ಕೂತಳು.

"ಅತ್ತೆ, ನಾನೂ ಕಂಪ್ಯೂಟರೇ ಓದೋದು. ಗೊಂಬೆಗಳ ವಿಷ್ಯ ಎಲ್ಲಾ ಅಪ್ಪ ಹೇಳ್ಕೊಡ್ತಿದಾರೆ."

"ಹೌದಾ? ಏನು ಕಲಿತೆ, ಹೇಳು ನೋಡೋಣ."

"ಹಳೇ ಗೊಂಬೆ ಕೈ ಹಿಡೀಬಾರ್ದು. ಪ್ರತಿ ಸಲ ಹೆಸರು ಹೇಳಿ ಹೊಸದಾಗಿ ಕೇಳ್ಬೇಕು."

ದಲೆಂದಾಳ ಕೈಯ ರೊಟ್ಟಿ ಶರ್ಮೂಲಾದಲ್ಲೇ ನಿಂತಿತು.

"ಚೆನ್ನಾಗಿದೆ. ಯಾರ ಮಾತು ಅದು?"

"ಅಪ್ಪಂದೇ! ಅವರ ಆಫೀಸಲ್ಲಿ ಎಲ್ರಿಗೂ ಅದೇ ನಿಯಮ."

ನನಗೆ ತಡೆಯಲಾಗಲಿಲ್ಲ. "ಸುಫ್ಯಾನ್, ಈಗಲಾದ್ರೂ ಬಾಯಿ ಬಿಡೋ" ಎಂದೆ. ಅವನು ಮೀನಿನ ಮುಳ್ಳು ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ.

"ಹಬ್ಬದ ದಿನ ಯಾಕೆ ಜಲೀಲಕ್ಕ ಅದೆಲ್ಲ? ಹಳೇ ಕಥೆ. ಮಾವಾ, ಇನ್ನೊಂಚೂರು ಮೀನು ಹಾಕ್ಲಾ?"

ಅಬೀರಳಿಗೆ ನನ್ನ ಮಾತು ಬೇರೆಯೇ ಥರ ಕೇಳಿಸಿರಬೇಕು. ಪಾಪದ ಹುಡುಗಿ, ಅತ್ತೆಗೆ ಅವಮಾನವಾಯಿತೆಂದುಕೊಂಡಳು. ಕಿವಿಯ ಹತ್ತಿರ ಬಗ್ಗಿ ದನಿ ತಗ್ಗಿಸಿದಳು.

"ಆಗ ನಿಮಗೆ ಅದು ಗೊತ್ತಿರ್ಲಿಲ್ವಂತೆ. ಬೇಜಾರು ಮಾಡ್ಕೋಬೇಡಿ ಅತ್ತೆ, ತಪ್ಪು ಯಾರಿಗಾದ್ರೂ ಆಗುತ್ತೆ. ಬೇಕಿದ್ರೆ ನಾನೇ ನಿಧಾನಕ್ಕೆ ಹೇಳ್ಕೊಡ್ತೀನಿ."

ದಲೆಂದಾ ತಮ್ಮನತ್ತ ಒಮ್ಮೆ ನೋಡಿದಳು. ಒಂದು ಮಾತು ಸಾಕಿತ್ತು, ಅವಳ ಬಾಯಿಂದಲೇ ಬಂದಿದ್ದರೆ ನಂಬದಿರುವವರು ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಹುಡುಗಿಯ ಮುಖ ನೋಡಿದಳು. ಆ ಮುಖದಲ್ಲಿ ಅಪ್ಪನ ಮೇಲಿನ ಹೆಮ್ಮೆ ತುಂಬಿ ತುಳುಕುತ್ತಿತ್ತು. ಅದನ್ನು ಕೆಡಿಸುವ ಮನಸ್ಸು ಅವಳಿಗೆ ಬರಲಿಲ್ಲ, ನನಗಾಗಿದ್ದರೆ ಬರುತ್ತಿತ್ತು.

"ಹೇಳ್ಕೊಡು ಮಗಳೇ" ಎಂದಳು.

ನಾನು ತಟ್ಟೆ ಬಿಟ್ಟು ಎದ್ದೆ. ಅಬೀರ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಗೊಂಬೆ ಅಂದರೆ ಏನು ಎಂಬಲ್ಲಿಂದ ಶುರು ಮಾಡಿದಳು. ದಲೆಂದಾ ತಲೆಯಾಡಿಸುತ್ತ ಕೇಳುತ್ತಿದ್ದಳು.