ಬಂಡಿ ಚಂದ್ರನಿಂದ ಮರಳಿದ ಮೇಲೆ

ನಾನು ಮದುವೆಯಾಗಿ ತಮಿಳುನಾಡಿನ ಹನುಮಂತನಪಟ್ಟಿಗೆ ಬಂದದ್ದು ಅರುವತ್ತರ ದಶಕದಲ್ಲಿ. ಮನೆಯಲ್ಲಿ ಆಡುವುದು ಕನ್ನಡವಾದರೂ ಓದುವುದಕ್ಕೆ ಸಿಗುತ್ತಿದ್ದದ್ದೆಲ್ಲ ತಮಿಳು. ಆ ಮನೆಯ ಹೆಂಗಸರಲ್ಲಿ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಕಂಬಂ ಪೇಟೆಯಿಂದ ವಾರಪತ್ರಿಕೆ ಬಂದ ಮಧ್ಯಾಹ್ನ ಅತ್ತೆ, ಓರಗಿತ್ತಿ, ಪಕ್ಕದ ಮನೆಯಾಕೆ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತರೆ ನಾನು ಅದರಲ್ಲಿನ ಧಾರಾವಾಹಿ ಓದಿ ಹೇಳುತ್ತಿದ್ದೆ.

ಅದೊಂದು ನಗೆಯ ಕತೆ. ಅರೆಬರೆ ಕಲಿತ ನಾಟಿವೈದ್ಯನೊಬ್ಬ ಎತ್ತಿನಬಂಡಿಗೆ ಯಂತ್ರ ಕಟ್ಟಿ ಎಣ್ಣೆ ವ್ಯಾಪಾರಿಯ ಜೊತೆ ಚಂದ್ರನಿಗೆ ಹೋಗುತ್ತಾನೆ. ಅಲ್ಲಿ ಎತ್ತುಗಳು ಗಾಳಿಯಲ್ಲಿ ತೇಲುತ್ತವೆ. ವ್ಯಾಪಾರಿ ತಲೆಗೂದಲೇ ಇಲ್ಲದ ಚಂದ್ರನ ಜನಕ್ಕೆ ತಲೆಗೆಣ್ಣೆ ಮಾರಲು ಹೊರಡುತ್ತಾನೆ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಒಂದು ವಾರದ ಕಂತಿನಲ್ಲಿ ಬಂಡಿ ಊರಿಗೆ ಮರಳಿತು. ವ್ಯಾಪಾರಿ ಇಳಿದು ಮನೆಗೆ ಬಂದು ಉಂಡ. ಅನ್ನ ಬಡಿಸುತ್ತಿದ್ದ ಹೆಂಡತಿಗೆ, ಇವನು ತನ್ನ ಗಂಡನಲ್ಲ, ಅವನ ರೂಪದಲ್ಲಿ ಬೇರೆ ಯಾರೋ ಬಂದಿದ್ದಾರೆ ಅನ್ನಿಸಿತು. ಕತೆ ಅಲ್ಲಿಗೆ ನಿಂತಿತ್ತು. ಯಾರೂ ನಗಲಿಲ್ಲ.

ಬರೆಯುವವನಿಗೆ ತಲೆ ಕೆಟ್ಟಿದೆ ಎಂದರು ಅತ್ತೆ. ನಗಿಸುತ್ತೇನೆಂದು ಕರೆದು ಹೆದರಿಸುವುದು ಯಾವ ನ್ಯಾಯ? ಈಗಲೇ ಇದು ಕತೆಯಾದದ್ದು, ಇಷ್ಟು ದಿನ ಬರೀ ಕೋತಿಯಾಟ ಎಂದು ಪಕ್ಕದ ಮನೆಯಾಕೆ ವಾದಿಸಿದಳು. ಓರಗಿತ್ತಿ ಮಾತ್ರ ಹಣ್ಣು ಕೆಳಗಿಟ್ಟು ಮೆಲ್ಲಗೆ ಕೇಳಿದಳು:

"ಬಂದೋನು ಗಂಡನೋ ಅಲ್ವೋ ಅಂತ ಹೆಂಗೆ ತಿಳೀತದೆ ತಂಗಿ?"

ಅವಳ ಗಂಡ, ನನ್ನ ಭಾವ, ಬೆಟ್ಟದಾಚೆ ಕೇರಳದ ಏಲಕ್ಕಿ ತೋಟಕ್ಕೆ ಕೆಲಸಕ್ಕೆ ಹೋಗಿ ತಿಂಗಳುಗಳಾಗಿದ್ದವು.

ಆ ವಾರವೇ ಭಾವ ಬಂದರು. ಯಾರೋ ಬಸ್ಸಿನಿಂದ ಇಳಿಸಿ ಮನೆತನಕ ನಡೆಸಿಕೊಂಡು ಬಂದಿದ್ದರು. ಮುಖ ಹಳದಿಯಾಗಿತ್ತು, ಕಣ್ಣು ಒಳಗೆ ಹೋಗಿತ್ತು. ಓರಗಿತ್ತಿ ನೀರಿನ ಚೊಂಬು ಹಿಡಿದು ಎದುರಿಗೆ ನಿಂತರೆ ಅವಳನ್ನು ಗುರುತಿಲ್ಲದವರಂತೆ ನೋಡಿ ಮಲಯಾಳಂನಲ್ಲಿ ಏನೋ ಅಂದರು. ಆಮೇಲೂ ಅದೇ ಭಾಷೆ. ನಮ್ಮ ಮಾತು ಒಂದೂ ಬರಲಿಲ್ಲ.

ಅವಳ ಕೈಯಿಂದ ಚೊಂಬು ಬಿತ್ತು. ಹಿಂದೆ ಸರಿದು ನನ್ನ ತೋಳು ಹಿಡಿದುಕೊಂಡಳು. ಚಳಿಜ್ವರ ತಲೆಗೇರಿದೆ ಎಂದು ಅತ್ತೆ ಕೂಗುತ್ತಿದ್ದರು. ನನಗೂ ಅದು ತಿಳಿದಿತ್ತು. ಆದರೂ ನಾನು ಅವರ ಹತ್ತಿರ ಹೋಗಲಿಲ್ಲ.

ಉತ್ತಮಪಾಳಯಂನ ವೈದ್ಯರಲ್ಲಿಗೆ ಬಾಡಿಗೆ ಬಂಡಿಯಲ್ಲಿ ಕರೆದೊಯ್ದೆವು. ದಾರಿಯುದ್ದಕ್ಕೂ ಭಾವ ಗೊಣಗುತ್ತಲೇ ಇದ್ದರು. ಓರಗಿತ್ತಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ಮುಖವನ್ನು ಮಾತ್ರ ಬಾಳೆತೋಟಗಳ ಕಡೆ ತಿರುಗಿಸಿದ್ದಳು.

ಸೂಜಿ ಹಾಕಿ ಮಾತ್ರೆ ಕೊಟ್ಟ ಮೇಲೆ, ಮರುದಿನ ಮಧ್ಯಾಹ್ನ ಭಾವ ಬೆವರಿದರು. ಕಣ್ಣು ಬಿಟ್ಟು ಅವಳನ್ನು ನೋಡಿ, "ಕೆಂದ ಹಸ ಈಯ್ತಾ?" ಎಂದು ನಮ್ಮ ಮಾತಿನಲ್ಲೇ ಕೇಳಿದರು. ಅವರು ತೋಟಕ್ಕೆ ಹೋಗುವಾಗ ಅದು ಗಬ್ಬವಾಗಿತ್ತು. ಅವಳು ಈದಿದೆಯೆಂದು ತಲೆಯಾಡಿಸಿ, ಸೆರಗು ಬಾಯಿಗೊತ್ತಿಕೊಂಡು ಹೊರಗೆ ಓಡಿಹೋದಳು.

ಮುಂದಿನ ಪತ್ರಿಕೆ ಬಂದಾಗ ಅತ್ತೆ ಓದಬೇಡವೆಂದರು. ಓದಲೇಬೇಕೆಂದು ಹಟ ಹಿಡಿದವಳು ಓರಗಿತ್ತಿಯೇ. ಆದರೆ ಬರೆದವನು ಅಷ್ಟರಲ್ಲಿ ದಾರಿ ಬದಲಿಸಿದ್ದ. ಅದೆಲ್ಲ ಹೆಂಡತಿ ಕಂಡ ಕೆಟ್ಟ ಕನಸಂತೆ. ವ್ಯಾಪಾರಿ ಮತ್ತೆ ಚಂದ್ರನಿಗೆಂದು ಬಂಡಿಗೆ ತಲೆಗೆಣ್ಣೆ ಹೇರಿಸುತ್ತಿದ್ದ. ಅತ್ತೆಗೆ ಖುಷಿಯಾಯಿತು.

"ಬರೆದೋನಿಗೇ ಬಯ ಆಗ್ಬಿಟ್ಟದೆ," ಎಂದಳು ಓರಗಿತ್ತಿ. "ಆ ಹೆಂಗಸು ಕಂಡದ್ದು ಕನಸಲ್ಲ."

ಕನಸೇ ಎಂದು ಅತ್ತೆ, ಅಲ್ಲವೆಂದು ಇವಳು. ದನಿಗಳು ಏರಿದವು. ಬಿಸಿಲು ಕಾಯುತ್ತ ಅಂಗಳದಲ್ಲಿ ಮಲಗಿದ್ದ ಭಾವ ಯಾತಕ್ಕೆ ಜಗಳವೆಂದು ಕೇಳಿದರು. ಇಬ್ಬರೂ ಹುಣಸೆಹಣ್ಣಿಗೆ ಕೈಹಾಕಿದರು.