ಜಯಕ್ಕನ ವೈರು, ನನ್ನ ಕಣ್ಣು

ಈ ಭಾನುವಾರ ಬೆಳಿಗ್ಗೆ ಚಕ್ರಕ್ಕೆ ಗಾಳಿ ತುಂಬುವ ಪುಟ್ಟ ಪಂಪೊಂದಕ್ಕೆ ಕಾರಿನಲ್ಲಿ ಕರೆಂಟು ಎಲ್ಲಿಂದ ಕೊಡುವುದೆಂದು ನೋಡಲು ಡ್ಯಾಶ್‌ಬೋರ್ಡಿನ ಫ್ಯೂಸ್ ಡಬ್ಬಿ ಬಿಚ್ಚಿದೆ. ಒಳಗಿನಿಂದ ಬಿಸಿಲಿಗೆ ಕಾದ ಬಟ್ಟೆ ಟೇಪಿನ ವಾಸನೆ ಬಂತು. ಸ್ವಲ್ಪ ಅಂಟಿನದು, ಸ್ವಲ್ಪ ಆಗತಾನೆ ಇಸ್ತ್ರಿ ಮಾಡಿದ ಹಳೇ ಸೀರೆಯದು. ನಿಮಗೆ ಈ ವಾಸನೆಯ ಪರಿಚಯವಿಲ್ಲದಿದ್ದರೆ ಬೇಸರ ಬೇಡ. ನಿಮ್ಮ ಕಾರಿನಲ್ಲಿ ಎಲ್ಲ ಸರಿಯಾಗಿದೆ, ಬಿಚ್ಚುವ ಸಂದರ್ಭ ಬಂದಿಲ್ಲ ಎಂದಷ್ಟೇ ಅರ್ಥ. ನನಗೆ ಮಾತ್ರ ಜಯಕ್ಕನ ನೆನಪಾಯಿತು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆ ಮಾಡುವವನು. ಬೇರೆಯವರು ಮಾಡಿದ್ದನ್ನು ನೋಡಿ ಸರಿಯಿಲ್ಲ ಎನ್ನುವುದು ನನ್ನ ಉದ್ಯೋಗ. ಇದನ್ನೇ ಇಪ್ಪತ್ತು ವರ್ಷ ಮಾಡಿದವನಿಗೆ, ತಾನು ಮಾಡಿದ್ದು ಸರಿಯಾಗಿಯೇ ಇರುತ್ತದೆ ಎಂಬ ನಂಬಿಕೆ ತಾನಾಗಿ ಬಂದುಬಿಡುತ್ತದೆ. ಕೆಲವು ವರ್ಷಗಳ ಹಿಂದೆ ಈ ಕಾರು ಕೊಂಡಾಗ ಅದೇ ನಂಬಿಕೆಯಲ್ಲಿ ಮುಂದಿನ ಗಾಜಿಗೆ ಕ್ಯಾಮೆರಾ, ಫೋನಿಗೆ ಚಾರ್ಜರು, ಹಿಂದಿನ ಸೀಟಿಗೆ ಸಣ್ಣ ಫ್ಯಾನು, ಎಲ್ಲವನ್ನೂ ನಾನೇ ಜೋಡಿಸಿದೆ. ಸಿಗರೇಟು ಹಚ್ಚಲೆಂದು ಕೊಟ್ಟಿರುವ ತೂತಿಗೆ ಮೂರು ಬಾಯಿಯ ಪ್ಲಗ್ಗು, ಅದರಿಂದ ಮೂರು ವೈರು. ಒಂದು ಗಾಜಿನ ಮೇಲೆ ತೋರಣದ ಹಾಗೆ, ಒಂದು ಗೇರಿನ ಪಕ್ಕ, ಇನ್ನೊಂದು ನೆಲದ ಮೇಲೆ. ಹೆಂಡತಿ ಹತ್ತಿ ಕೂತವಳೇ, "ಇದೇನ್ರೀ, ಐಸಿಯು ಥರ ಇದೆ" ಎಂದಳು. ಅವಳಿಗೆ ತಾಂತ್ರಿಕ ವಿಷಯ ತಿಳಿಯದು ಎಂದುಕೊಂಡೆ.

ಒಂದು ದಿನ ಎಂಟನೇ ಮೈಲಿಯ ಸಿಗ್ನಲ್ಲಿನ ಹತ್ತಿರ ನೆಲದ ವೈರು ನನ್ನ ಬಲಗಾಲಿನ ಚಪ್ಪಲಿಗೆ ಸುತ್ತಿಕೊಂಡಿತು. ಬ್ರೇಕಿನ ಮೇಲೆ ಹೋಗಬೇಕಿದ್ದ ಕಾಲು ಅರ್ಧ ದಾರಿಯಲ್ಲೇ ನಿಂತಿತು. ಕೈಬ್ರೇಕು ಎಳೆದೆ. ಕಾರು ನಿಂತಾಗ ಮುಂದಿದ್ದ ಬಸ್ಸಿಗೂ ನಮಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಹೆಂಡತಿ ಮನೆ ತಲುಪುವವರೆಗೆ ಆ ವೈರನ್ನು ಸುತ್ತಿ ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ ಇಳಿಯುತ್ತಾ, "ಬಾಗಲಗುಂಟೆಲಿ ಜಯಕ್ಕ ಅಂತ ಇದಾರಂತೆ. ನಾಳೆನೇ ಹೋಗಿ" ಎಂದಳು.

ಜಯಕ್ಕನಿಗೆ ಆಗಲೇ ಐವತ್ತೈದು ದಾಟಿತ್ತು. ವಾಹನಗಳಿಗೆ ಬೇಕಾದ ವೈರಿನ ಕಂತೆಗಳನ್ನು ಹೊಂದಿಸಿ ಕಟ್ಟುವ ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ದುಡಿದು, ಅದು ಮುಚ್ಚಿದ ಮೇಲೆ ತಮ್ಮ ಮನೆ ಮುಂದೆಯೇ ಶೀಟು ಇಳಿಸಿ ಕಾರುಗಳ ವೈರಿಂಗ್ ಶುರುಮಾಡಿದ್ದರು. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ಅದರ ಜೇಬಿನಲ್ಲಿ ಕಟರ್ ಇಟ್ಟುಕೊಂಡಿದ್ದರು. ಕಾರಿನೊಳಗೆ ತಲೆ ಹಾಕಿ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡರು.

"ಇದ್ಯಾರು ಸಾ ಮಾಡಿದ್ದು?"

"ಯಾರೋ ಮೆಕ್ಯಾನಿಕ್ಕು" ಎಂದೆ.

"ಅವನ್ಗೆ ಇನ್ನೊಂದ್ಸಲ ಕಾರು ಕೊಡ್ಬೇಡಿ."

ಕೊಡುವುದಿಲ್ಲ ಎಂದೆ.

ನನ್ನ ಮೂರೂ ವೈರುಗಳನ್ನು ಕಿತ್ತು ಪಕ್ಕಕ್ಕಿಟ್ಟರು. ಫ್ಯೂಸ್ ಡಬ್ಬಿಯಿಂದಲೇ ಕರೆಂಟು ತೆಗೆದು, ಒಂದೊಂದಕ್ಕೂ ಬೇರೆ ಫ್ಯೂಸ್ ಕೊಟ್ಟರು. ಕ್ಯಾಮೆರಾದ ವೈರನ್ನು ಬಾಗಿಲಿನ ರಬ್ಬರಿನ ಮರೆಯಲ್ಲಿ ಮೇಲಕ್ಕೆ ಹತ್ತಿಸಿ, ಚಾವಣಿಯ ಬಟ್ಟೆಯೊಳಗೆ ಬೆರಳಿನಿಂದ ನವಿರಾಗಿ ತಳ್ಳಿಕೊಂಡು ಹೋದರು. ಗೇಣಿಗೊಂದು ಕಡೆ ಟೇಪು ಸುತ್ತಿ, ಎಳೆದು ನೋಡುತ್ತಿದ್ದರು. "ವೈರು ಅಲ್ಲಾಡ್ಬಾರ್ದು ಸಾ. ಅಲ್ಲಾಡ್ತಾ ಅಲ್ಲಾಡ್ತಾ ತಗಡಿಗೆ ಉಜ್ಜಿ, ಒಂದಿನ ಹೊಗೆ ಬತ್ತದೆ."

ನಡುನಡುವೆ ನನ್ನನ್ನು ಕೇಳುತ್ತಿದ್ದರು. "ಇದು ಯಾವ ಬಣ್ಣ ಸಾ?" ನೀಲಿ ಎಂದೆ. "ಇದು?" ಕಪ್ಪು. ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಉತ್ಸಾಹದಿಂದ ಉತ್ತರಿಸುತ್ತಿದ್ದೆ. ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವುದು ಕೆಂಪು ವೈರಿನಲ್ಲಿ, ಯಾವಾಗಲೂ ಇರುವುದು ಕೇಸರಿಯಲ್ಲಿ, ಕ್ಯಾಮೆರಾಕ್ಕೆ ಕೆಂಪಿನಿಂದಲೇ ಕೊಡಬೇಕು ಎಂದು ವಿವರಿಸಿ, ಒಂದು ವೈರು ಎತ್ತಿ ಹಿಡಿದು, "ಇದು ಕೆಂಪೇ ತಾನೆ?" ಎಂದರು. ಅಷ್ಟರಲ್ಲಿ ನನಗೆ ಕಾರ್ಖಾನೆಯಿಂದ ಫೋನ್ ಬಂದಿತ್ತು. ಮಾತಾಡುತ್ತಲೇ "ಕೆಂಪೇ" ಎಂದೆ. ಜೋಡಿಸಿ, ಟೇಪು ಸುತ್ತಿ, "ಕೀ ತೆಗ್ದಿದೀನಿ, ಕ್ಯಾಮ್ರಾ ಆರ್ತಾ ನೋಡಿ ಸಾ" ಎಂದರು. ಪರದೆ ಕಪ್ಪಾಗಿತ್ತು. "ಆರ್ತು" ಎಂದೆ.

ಕೆಲಸ ಮುಗಿದಾಗ ಕಾರಿನಲ್ಲಿ ಒಂದು ವೈರೂ ಕಾಣಲಿಲ್ಲ. ಹೆಂಡತಿ ಮೊದಲ ಸಲ ಕಾರನ್ನು ಹೊಗಳಿದಳು.

ಆದರೆ ಶನಿವಾರ, ಭಾನುವಾರ ಕಾರು ಹೊರಗೆ ತೆಗೆಯದಿದ್ದರೆ ಸೋಮವಾರ ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಮೂರು ಸೋಮವಾರ ಪಕ್ಕದ ಮನೆಯವರಿಂದ ತಳ್ಳಿಸಿದ ಮೇಲೆ ಜಯಕ್ಕನಿಗೆ ಹೇಳಿಯೇಬಿಡಬೇಕೆಂದು ಹೊರಟೆ.

ಅವರು ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದ ಮನೆಯ ಹೆಂಗಸು ಒಂದೊಂದೇ ವೈರಿನ ಬಣ್ಣ ಹೇಳುತ್ತಿದ್ದಳು. ಜಯಕ್ಕ ಅದರ ತುದಿಗೆ ಗಂಟು ಹಾಕುತ್ತಿದ್ದರು. ಕೆಂಪಿಗೆ ಒಂದು ಗಂಟು, ಕಪ್ಪಿಗೆ ಎರಡು. ನನ್ನನ್ನು ಕಂಡು ಅವರ ಕೈ ನಿಂತಿತು. ಪಕ್ಕದ ಮನೆಯಾಕೆ ಎದ್ದು ತನ್ನ ಮನೆಗೆ ಹೋದಳು. ನನಗೆ ನಡೆದ ಪರೀಕ್ಷೆ ಏನೆಂದು ಆಗ ತಿಳಿಯಿತು.

"ಕಣ್ಣಿಗೆ ಪೊರೆ ಬಂದದೆ" ಎಂದರು ಜಯಕ್ಕ, ತಲೆ ತಗ್ಗಿಸಿ. "ನೀಲಿ, ಕಪ್ಪು ಒಂದೇ ಥರ ಕಾಣ್ತದೆ. ಕೆಂಪು, ಕೇಸರಿ ಎಲ್ಲಾ ಮಣ್ಣಿನ್ ಬಣ್ಣ. ಯಾರ್ಗೂ ಏಳ್ಬೇಡಿ ಸಾ. ಗೊತ್ತಾದ್ರೆ ಯಾರು ಕಾರು ಕೊಡ್ತಾರೆ?"

"ಆಪರೇಷನ್ ಮಾಡಿಸ್ಬಹುದಲ್ಲ ಅಕ್ಕ?"

"ಇಷ್ಟಾದ್ರೂ ಕಾಣ್ತದಲ್ಲ. ಅದೂ ಹೊಂಟೋದ್ರೆ?"

ಬ್ಯಾಟರಿಯ ಮಾತನ್ನು ನುಂಗಿಕೊಂಡೆ. ಮುಂದಿನ ವಾರ ಅವರನ್ನು ನಾನೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊರಡುವಾಗ ಕಾರು ಎರಡು ಸಲ ಗೊಣಗಿ ಸ್ಟಾರ್ಟ್ ಆಯಿತು. "ಬ್ಯಾಟ್ರಿ ಸರಿಯಿಲ್ವಾ ಸಾ?" ಎಂದರು. ಹಳೆಯದು ಎಂದೆ. ಕಣ್ಣು ಕಾಣದ ಹೆಂಗಸಿನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಸುಳ್ಳು ಹೇಳಿದೆನೆಂದು ನನ್ನ ಬಗ್ಗೆ ನನಗೇ ಗೌರವ ಬಂತು. ಆಸ್ಪತ್ರೆಯಲ್ಲಿ ಒಳಗೆ ಕರೆದಾಗ ಅವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. ಯಾವ ವೈರನ್ನೂ ಅವರು ಅಷ್ಟು ಬಿಗಿಯಾಗಿ ಹಿಡಿದದ್ದನ್ನು ನಾನು ನೋಡಿರಲಿಲ್ಲ.

ಎರಡು ಕಣ್ಣೂ ಮುಗಿದು, ಕಪ್ಪು ಕನ್ನಡಕ ತೆಗೆದ ಮೇಲೆ ಒಂದು ಭಾನುವಾರ ಅವರೇ ನಮ್ಮ ಮನೆಗೆ ಬಂದರು. ಹೆಂಡತಿ ಕಾಫಿ ಕೊಟ್ಟರೆ ಅದನ್ನು ಪಕ್ಕಕ್ಕಿಟ್ಟು ಕಾರಿನೊಳಗೆ ನುಸುಳಿದರು. "ಇದು ಕಣ್ಣಿಲ್ದಾಗ ಮಾಡಿದ್ದು. ನೋಡ್ಬೇಕು" ಎಂದರು. ಟೇಪು ಬಿಚ್ಚಿದರು. ಆಮೇಲೆ ಒಂದು ವೈರನ್ನು ಬೆಳಕಿಗೆ ಹಿಡಿದರು.

"ಇದ್ಯಾವ ಬಣ್ಣ ಸಾ?"

ಕೇಸರಿಯಾಗಿತ್ತು.

"ಅವತ್ತು ಏನಂದ್ರಿ?"

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. "ಕೆಂಪು" ಎಂದೆ.

ಕ್ಯಾಮೆರಾದ ಪರದೆ ಒಂದು ನಿಮಿಷಕ್ಕೆ ತಾನಾಗಿ ಆರುತ್ತದಂತೆ, ಕ್ಯಾಮೆರಾ ಆರುವುದಿಲ್ಲವಂತೆ. ಹಾಗಾಗಿ ಎರಡು ತಿಂಗಳಿಂದ ಅದು ಹಗಲೂ ರಾತ್ರಿ ನಮ್ಮ ಗೇಟನ್ನು ಚಿತ್ರೀಕರಿಸುತ್ತಾ ಬ್ಯಾಟರಿ ಹೀರುತ್ತಿತ್ತು. ಅದೇ ಎರಡು ತಿಂಗಳು ನಾನು ಮನಸ್ಸಿನಲ್ಲೇ ಜಯಕ್ಕನನ್ನು ಕ್ಷಮಿಸುತ್ತಾ ಬಂದಿದ್ದೆ. ಅದನ್ನೂ ಹೇಳಿಬಿಟ್ಟೆ. ಸೋಮವಾರಗಳ ಕಥೆ, ಅವರ ಕಣ್ಣಿನಿಂದಲೇ ಹೀಗಾಯಿತೆಂದು ತಿಳಿದದ್ದು, ಎಲ್ಲವನ್ನೂ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಜಯಕ್ಕ ಕಾರಿನ ಅಂಚಿನ ಮೇಲೆ ಕೂತರು.

"ಅಂಗಾದ್ರೆ ನನ್ನಿಂದ ತಪ್ಪಾಗ್ನಿಲ್ಲ."

"ಇಲ್ಲ ಅಕ್ಕ."

"ನಿಮ್ ಕಾರು ಗೊಣಗಿದ್ದು ಕೇಳ್ದಾಗಿಂದ ನಂಗೆ ಅದೇ ಯೋಚ್ನೆ. ಆಮೇಲ್ ಬಂದೋರ್ನೆಲ್ಲಾ ಆಗಲ್ಲ ಅಂತ ವಾಪಸ್ ಕಳಿಸ್ಬಿಟ್ಟೆ ಸಾ." ಆ ಹೊಸ ಕಣ್ಣುಗಳಲ್ಲಿ ನೀರಿತ್ತು. ಡಾಕ್ಟರು ಉಜ್ಜಬಾರದು ಎಂದಿದ್ದರಿಂದ ಉಜ್ಜಲಿಲ್ಲ. ಎದ್ದು ಕೆಂಪು ವೈರು ಹುಡುಕಿ ಜೋಡಿಸಿದರು. ಆ ಮೇಲಿನ ಸೋಮವಾರ ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.

ಈಗ ಕಾರ್ಖಾನೆಯಲ್ಲಿ ತಪಾಸಣೆ ಮಾಡುವಾಗ ನಾನು ಫೋನ್ ಎತ್ತುವುದಿಲ್ಲ. ಇದನ್ನು ಮೆಚ್ಚಿಕೊಂಡ ನಮ್ಮ ಮ್ಯಾನೇಜರು ನಿಯಮವಾಗಿಸಿ ಗೋಡೆಗೆ ಅಂಟಿಸಿದ್ದಾರೆ. ನನಗೆ ಯಾರು ಕಲಿಸಿದ್ದೆಂದು ಕೇಳಿಲ್ಲ. ಕೇಳಿದರೆ ಬಾಗಲಗುಂಟೆಯ ವಿಳಾಸ ಕೊಡುತ್ತೇನೆ.

ಇವತ್ತು ಡಬ್ಬಿಯನ್ನು ಇದ್ದ ಹಾಗೆಯೇ ಮುಚ್ಚಿ ಜಯಕ್ಕನಿಗೆ ಫೋನ್ ಮಾಡಿದೆ. ಫೋನಿನಲ್ಲಿ ಅವರ ಹಿಂದೆ ಯಾವುದೋ ಕಾರಿನ ಹಾರ್ನ್ ಕೂಗುತ್ತಿತ್ತು.

"ಎರಡು ಕಾರು ನಿಂತವೆ, ಅವಾದ್ಮೇಲೆ ನಿಮ್ದು. ಬನ್ನಿ ಸಾ" ಎಂದರು. ಸ್ವಲ್ಪ ತಡೆದು, "ಬಂದು ಟಾರ್ಚ್ ಹಿಡ್ಕಂಡ್ರೆ ಸಾಕು" ಎಂದು ಸೇರಿಸಿದರು.