ಅವ್ವ ಹೊಗಳಿದ ಇಪ್ಪತ್ತು ದಿನ

ನನ್ನ ಬದುಕಿನ ಅತ್ಯಂತ ಸಂತೋಷದ ಇಪ್ಪತ್ತು ದಿನಗಳು ಒಂದು ಕಾಯಿಲೆ ಎಂದು ನನಗೆ ತಿಳಿದದ್ದು ಯಾದಗಿರಿಯಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ, ಮನೋವೈದ್ಯರ ಮೇಜಿನ ಮುಂದೆ. ಪಕ್ಕದಲ್ಲಿ ಅವ್ವ ಕೂತಿದ್ದಳು. ಅದು ಬಯಲಾಗಲು ಕಾರಣವೂ ಅವಳೇ. ನಾವು ಆ ಮೇಜಿನವರೆಗೆ ಹೇಗೆ ಹೋದೆವು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮೂರು ಶಹಾಪುರದ ಹತ್ತಿರದ ಸಗರ. ನಾನು ಏಳನೇ ತರಗತಿಯಲ್ಲಿದ್ದಾಗಲೇ ಅಪ್ಪ ತೀರಿಕೊಂಡ. ಅವ್ವ ಹತ್ತಿ ಬಿಡಿಸಿ, ಭತ್ತದ ನಾಟಿಗೆ ಹೋಗಿ ನನ್ನನ್ನು ಬಿ.ಎಡ್.ವರೆಗೆ ಓದಿಸಿದಳು. ನಮ್ಮ ಓಣಿಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ನಾನು. ಶಹಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಅವ್ವನನ್ನು ಕೇಳಿದರೆ ಇಡೀ ತಾಲ್ಲೂಕಿನಲ್ಲಿ ಗಣಿತ ಬರುವುದು ನನಗೊಬ್ಬಳಿಗೇ. ಗೊಬ್ಬರದ ಅಂಗಡಿಯವನಿಗೂ ಅದನ್ನು ಹೇಳಿ ಬರುತ್ತಿದ್ದಳು. ಅವನು ಪಾಪ, ಹೌದ್ರಿ ಹೌದ್ರಿ ಎನ್ನುತ್ತ ಚೀಲ ಹೊಲಿಯುತ್ತಿದ್ದ.

ಮೂವತ್ತೊಂದನೇ ವಯಸ್ಸಿನಲ್ಲಿ ಒಂದು ದಿನ ಮಲಗಿದವಳು ಏಳಲಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ. ಎರಡು ತಿಂಗಳು ಗೋಡೆಗೆ ಮುಖ ಮಾಡಿ ಬಿದ್ದಿದ್ದೆ. ತಲೆ ಬಾಚಿಕೊಳ್ಳಬೇಕು ಎಂದು ಬೆಳಿಗ್ಗೆ ಯೋಚಿಸಿದರೆ ಮಧ್ಯಾಹ್ನದವರೆಗೆ ಅದೇ ಯೋಚನೆ. ಕೈ ಮಾತ್ರ ಏಳುತ್ತಿರಲಿಲ್ಲ. ಸತ್ತುಹೋದರೆ ನನಗೆ ಅನ್ನ ಮಾಡಿ ಬಡಿಸುವ ಕೆಲಸವಾದರೂ ಅವ್ವನಿಗೆ ತಪ್ಪುತ್ತದೆ ಅನಿಸುತ್ತಿತ್ತು. ಅದನ್ನು ಒಂದು ದಿನ ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅವ್ವ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ಆವತ್ತೇ ನನ್ನನ್ನು ಸುರಪುರಕ್ಕೆ ಕರೆದುಕೊಂಡು ಹೊರಟಳು.

ಸುರಪುರಕ್ಕೇ ಯಾಕೆ ಎಂದರೆ, ಶಹಾಪುರದ ಕಡೆಯವರು ತಲೆಯ ಕಾಯಿಲೆಯನ್ನು ಶಹಾಪುರದಲ್ಲಿ ತೋರಿಸುವುದಿಲ್ಲ. ಕಂಡವರು ನಾಲ್ಕು ಕಡೆ ಆಡಿಕೊಳ್ಳುತ್ತಾರೆ ಎಂದು ಸುರಪುರಕ್ಕೆ ಹೋಗುತ್ತಾರೆ. ಸುರಪುರದವರು ಅದೇ ಭಯಕ್ಕೆ ಶಹಾಪುರಕ್ಕೆ ಬರುತ್ತಾರೆ. ದಿನಾ ಎರಡು ಕಡೆಯ ಬಸ್ಸುಗಳು ಈ ಗುಟ್ಟನ್ನು ಹೊತ್ತುಕೊಂಡು ಎದುರುಬದರಾಗುತ್ತವೆ. ಸುರಪುರದ ಆ ಸಣ್ಣ ದವಾಖಾನೆಯ ಬೆಂಚಿನ ಮೇಲೆ ನಮ್ಮ ಓಣಿಯ ಹೆಂಗಸೊಬ್ಬಳು ಗಂಡನನ್ನು ಕೂರಿಸಿಕೊಂಡಿದ್ದಳು. ಅವಳು ಅವ್ವನನ್ನು ನೋಡಿ, "ಇಲ್ಲೇ ಒಂದು ಲಗ್ನಕ್ಕ ಬಂದಿದ್ದೆವ್ವಾ" ಎಂದಳು. ಅವ್ವ, "ನಾವೂ ಅದಕ್ಕಾ ಬಂದೇವಿ" ಎಂದಳು. ಯಾರ ಲಗ್ನ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಡಾಕ್ಟರಿಗೆ ಅವ್ವ ಹೇಳಿದ್ದು ಇಷ್ಟೇ: ಮಲಗಿದಾಳ, ಉಣ್ಣವಲ್ಲಳು, ಅಳತಾಳ. ಅವರು ಅದಕ್ಕೆ ತಕ್ಕ ಗುಳಿಗೆ ಕೊಟ್ಟರು. ಅವರದೇನೂ ತಪ್ಪಿಲ್ಲ. ಅರ್ಧ ಕತೆ ಹೇಳಿದವರಿಗೆ ಅರ್ಧ ಔಷಧವೇ ಸಿಗುವುದು.

ಮೂರನೇ ವಾರಕ್ಕೆ ನಾನು ಎದ್ದೆ. ಎದ್ದೆ ಎನ್ನುವುದು ಸಣ್ಣ ಮಾತು. ಜಗತ್ತಿನ ಎಲ್ಲ ಲೆಕ್ಕಗಳನ್ನೂ ಯಾರೋ ಒಮ್ಮೆಲೇ ಬಿಡಿಸಿ ನನ್ನ ಕಣ್ಣೆದುರು ಇಟ್ಟಂತಾಯಿತು. ಮನೆಗೆ ಬಣ್ಣ ಬಳಿದೆ. ಶಾಲೆಗೆ ಮರಳಿ ಹೋಗಿ ಹತ್ತನೇ ತರಗತಿಯ ಮಕ್ಕಳನ್ನು ಬೆಂಚಿನಿಂದ ಏಳಲು ಬಿಡದೆ ಪಾಠ ಮಾಡಿದೆ. ಅವ್ವನಿಗೆ ಖುಷಿಯೋ ಖುಷಿ. ಇಪ್ಪತ್ತನೇ ದಿನ ಪ್ರಾರ್ಥನೆಯ ಹೊತ್ತಿಗೆ ಮೈಕು ಕಸಿದುಕೊಂಡು, ಮುಖ್ಯೋಪಾಧ್ಯಾಯರು ಸಮವಸ್ತ್ರದ ಬಟ್ಟೆ ಕದ್ದಿದ್ದಾರೆ ಎಂದು ಸಾರಿದೆ. ಅವರು ಕದ್ದಿರಲಿಲ್ಲ. ಕೆಲಸ ಹೋಯಿತು. ವಾರದೊಳಗೆ ನಾನು ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಆಗ ಸುರಪುರದ ಡಾಕ್ಟರೇ ಚೀಟಿ ಬರೆದು ಯಾದಗಿರಿಗೆ ಕಳಿಸಿದರು.

ಈಗ ಆ ಮೇಜು. ಯಾದಗಿರಿಯ ಡಾಕ್ಟರು ಸುರಪುರದವರು ಕೇಳದ ಒಂದು ಪ್ರಶ್ನೆ ಕೇಳಿದರು.

"ಇವರು ಭಾಳ ಖುಷಿಯಿಂದ ಇದ್ದ ದಿನ ಯಾವುವರಿ?"

ಅವ್ವ ನೆಟ್ಟಗೆ ಕೂತಳು. ಸೆರಗು ಸರಿ ಮಾಡಿಕೊಂಡಳು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆ ಅವಳು ಹೀಗೇ ಕೂರುತ್ತಿದ್ದಳು. ಮಗಳ ಗುಣ ಹೇಳುವ ಅವಕಾಶ ಎಲ್ಲಿ ಸಿಕ್ಕರೂ ಅವಳು ಬಿಟ್ಟವಳಲ್ಲ.

"ಸಾಹೇಬ್ರ, ಕೆಲಸದಾಗ ಈಕಿನ್ನ ಮೀರಿಸೋರು ಯಾರೂ ಇಲ್ಲ. ಇಡೀ ಮನಿಗಿ ಒಬ್ಬಾಕೇ ಬಣ್ಣಾ ಹಚ್ಚಿದ್ಲು. ಮಗ್ಗಲ ಮನಿಯವ್ರು ಬ್ಯಾಡ ಬ್ಯಾಡ ಅಂದ್ರೂ ಅವ್ರ ಗ್ವಾಡಿಗೂ ಹಚ್ಚಿದ್ಲು."

"ನಿದ್ದಿ?"

"ನಿದ್ದಿ ಎಲ್ಲೀದ್ರಿ! ಎರಡ ತಾಸು ಮಲಗಿದ್ರ ಹೆಚ್ಚು. ಆದ್ರೂ ಮುಂಜಾನಿ ಮಾರಿ ಹೂವಿನಂಗ ಇರ್ತಿತ್ತು."

"ಮಾತು?"

"ಮಾತಂದ್ರ ಮಾತ್ರಿ! ಎಂಥಾ ಆಫೀಸರ್ ಬರ್ಲಿ, ಬಾಯಿ ಮುಚ್ಚಸ್ತಾಳ. ಕೈನೂ ದೊಡ್ಡದರಿ. ನನ್ನ ಕಿವ್ಯಾಗಿನ ಬೆಂಡ್ವಾಲಿ ಒತ್ತಿ ಇಟ್ಟು ಓಣಿ ಹುಡುಗ್ರಿಗೆಲ್ಲಾ ಕಂಪಾಸ್ ಪೆಟ್ಟಿಗಿ ಕೊಡಿಸಿದ್ಲು."

"ಮೊದಲ ಯಾವಾಗರ ಹಿಂಗ ಆಗಿತ್ತೇನು?"

"ಬಿಎಡ್ ಪರೀಕ್ಷಾದ ಮುಂದ ಆಗಿತ್ತಲ್ರಿ! ಒಂದು ವಾರ ನಿದ್ದಿನ ಇಲ್ಲ. ಇಡೀ ಹಾಸ್ಟೆಲ್ಲಿಗೆ ಪಾಠಾ ಹೇಳಿದ್ಲಂತ."

ಡಾಕ್ಟರು ಒಂದೊಂದನ್ನೂ ಬರೆದುಕೊಳ್ಳುತ್ತಿದ್ದರು. ಅವ್ವನಿಗೆ ಹುರುಪು ಹೆಚ್ಚಾಯಿತು. "ಎಲ್ಲಾ ಬರಕೊಳ್ರಿ, ಒಂದೂ ಬಿಡಬ್ಯಾಡ್ರಿ" ಎಂದಳು. ಅವರು ಒಂದೂ ಬಿಡಲಿಲ್ಲ. ಆಮೇಲೆ ಪೆನ್ನು ಕೆಳಗಿಟ್ಟು, ಇದಕ್ಕೆ ಬೈಪೋಲಾರ್ ಎನ್ನುತ್ತಾರೆ, ಮಲಗುವುದೂ ಈ ಹಾರಾಡುವುದೂ ಒಂದೇ ಕಾಯಿಲೆ, ಮಲಗಿದ್ದಕ್ಕಷ್ಟೇ ಗುಳಿಗೆ ಕೊಟ್ಟರೆ ಇನ್ನೊಂದು ಕಡೆಗೆ ಎಗರುತ್ತದೆ ಎಂದು ಸಮಾಧಾನವಾಗಿ ಹೇಳಿದರು.

ತಾನು ಹೇಳಿದ ಗುಣಗಳೆಲ್ಲ ಆ ಹಾಳೆಯ ಮೇಲೆ ರೋಗದ ಲಕ್ಷಣಗಳಾಗಿ ಬಿದ್ದಿವೆ ಎಂಬುದು ಅವ್ವನಿಗೆ ನಿಧಾನಕ್ಕೆ ಹೊಳೆಯಿತು. "ನಕ್ಕೊಂತ ಕೆಲಸ ಮಾಡಾದೂ ರೋಗೇನ್ರಿ? ಹಂಗಾದ್ರ ಮಾರಿ ಗಂಟು ಹಾಕ್ಕೊಂಡು ಕುಂತೋರೆಲ್ಲಾ ಆರಾಮ ಅದಾರೇನು?" ಎಂದು ಜಗಳಕ್ಕೇ ಇಳಿದಳು.

ಎರಡು ತಿಂಗಳು ಮಲಗಿದ್ದು ರೋಗ ಎಂದರೆ ಒಪ್ಪುತ್ತೇನೆ, ಅದನ್ನು ಯಾರಾದರೂ ತೆಗೆದುಕೊಂಡು ಹೋಗಲಿ. ಆದರೆ ಆ ಇಪ್ಪತ್ತು ದಿನ? ಮೂವತ್ತೊಂದು ವರ್ಷದಲ್ಲಿ ನಾನು ನನಗೇ ಇಷ್ಟವಾದದ್ದು ಆಗ ಮಾತ್ರ. ಬೀಜಗಣಿತಕ್ಕೆ ಹೆದರುವ ಹುಡುಗಿಯರು ಆಗ ಬೋರ್ಡಿನ ಮುಂದೆ ನಿಂತು ನಕ್ಕಿದ್ದರು. "ಆ ಪಾಠಾನೂ ಕಾಯಿಲೆಯೇನ್ರಿ?" ಎಂದು ಕೇಳಿದೆ. ಗಣಿತ ನಿಮ್ಮದು, ಅದರ ವೇಗ ಕಾಯಿಲೆಯದು ಎಂದರು ಡಾಕ್ಟರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಊರಿಗೆ ಮರಳುವಾಗ ಭೀಮಾ ಸೇತುವೆ ದಾಟುವವರೆಗೂ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಅತ್ತೆ.

ಲಿಥಿಯಂ ಎಂಬ ಗುಳಿಗೆ ಶುರುವಾಯಿತು. ಬಾಯಿ ಒಣಗುತ್ತಿತ್ತು, ಬೆರಳು ನಡುಗುತ್ತಿದ್ದವು. ಸೀಮೆಸುಣ್ಣ ಹಿಡಿದು ಮನೆಯ ನೆಲದ ಮೇಲೆ ಒಂದು ವೃತ್ತ ಬರೆಯಲು ಹೋದರೆ ಆಲೂಗಡ್ಡೆಯಾಗುತ್ತಿತ್ತು. ಆದರೆ ನೆಲ ಕಾಲಿನ ಕೆಳಗೇ ಇತ್ತು. ಎದ್ದರೆ ಎದ್ದಷ್ಟೇ, ಕೂತರೆ ಕೂತಷ್ಟೇ. ಯಾವ ಶಾಲೆಯೂ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಮೈಕಿನ ಸುದ್ದಿ ನನಗಿಂತ ಮೊದಲೇ ಎಲ್ಲ ಶಾಲೆಗಳಿಗೂ ತಲುಪಿತ್ತು. ಗುಳಿಗೆ ಪುಕ್ಕಟೆ ಸಿಗುವ ತಿಂಗಳು ಸಿಗುತ್ತಿತ್ತು, ಸಿಗದ ತಿಂಗಳು ಹೊರಗೆ ಕೊಳ್ಳಬೇಕು. ಮೇಲೆ ರಕ್ತಪರೀಕ್ಷೆ, ಬಸ್ಸು. ಎಲ್ಲವೂ ಅವ್ವನ ಕೂಲಿಯಲ್ಲೇ ಆಗಬೇಕು, ಮತ್ತು ಅವಳಿಗೆ ಅರವತ್ತಾಗಿತ್ತು. ಆಸ್ಪತ್ರೆಯಲ್ಲಿ ರೋಗಿಗಳಿಗೆ ತಿಳಿಹೇಳುವ ಹೆಣ್ಣುಮಗಳೊಬ್ಬಳಿದ್ದಳು. ಅಂಗವಿಕಲರ ಕಾರ್ಡು ಈ ಕಾಯಿಲೆಗೂ ಕೊಡುತ್ತಾರೆ, ಅದಿದ್ದರೆ ಮಾಸಾಶನ ಬರುತ್ತದೆ, ಡಾಕ್ಟರ ಬೋರ್ಡಿನ ಮುಂದೆ ಹಾಜರಾಗಿ ಎಂದು ಅವಳೇ ದಾರಿ ತೋರಿಸಿದಳು.

ಬೋರ್ಡಿಗೆ ಹೋಗುವ ದಿನ ಅವ್ವ ನನಗೆ ಇಸ್ತ್ರಿ ಮಾಡಿಸಿದ ಸೀರೆ ಉಡಿಸಿದಳು. ಎಣ್ಣೆ ಹಚ್ಚಿ ತಲೆ ಬಾಚಿದಳು. ಸರ್ಕಾರಿ ಕಚೇರಿಗೆ ನಮ್ಮ ಮಂದಿ ಹೊಲಸು ಬಟ್ಟೆಯಲ್ಲಿ, ಕೈ ಮುಗಿದುಕೊಂಡು ಹೋಗಬಾರದು ಎಂಬುದು ಅವಳ ಹಟ. ನಮ್ಮ ಮನೆಯ ಗೋಡೆಯ ಮೇಲಿನ ಬುದ್ಧನ ಪಟದ ಮುಂದೆ ನಿಲ್ಲಿಸಿ, "ತಲಿ ಎತ್ತಿ ಮಾತಾಡು" ಎಂದಳು.

ತಲೆ ಎತ್ತಿಯೇ ಮಾತಾಡಿದೆ. ಬೋರ್ಡಿನ ಡಾಕ್ಟರು ಹ್ಯಾಂಗಿದ್ದೀರಿ ಎಂದರು. ನಮ್ಮ ಕಡೆ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ, ಜ್ವರದಲ್ಲಿ ಬಿದ್ದವನೂ ಅದನ್ನೇ ಹೇಳುತ್ತಾನೆ. "ಆರಾಮ ಅದೀನ್ರಿ" ಎಂದೆ. ಅಡಿಗೆ ಮಾಡುತ್ತೀರಾ ಎಂದರೆ ಅವ್ವ, "ಆಕಿ ರೊಟ್ಟಿ ಬಡದ್ರ ಓಣಿಗೆಲ್ಲಾ ಕೇಳ್ತದ್ರಿ" ಎಂದಳು. ಮಂದಿಯ ಜೊತೆ ಹೊಂದಿಕೊಳ್ಳುತ್ತೀರಾ ಎಂದರೆ, "ಎಲ್ಲಾರಿಗೂ ಬೇಕಾದಾಕಿರಿ" ಎಂದಳು. ಬೋರ್ಡಿನವರು ನಾವು ಹೇಳಿದ್ದನ್ನೇ ಬರೆದರು. ಮಾಸಾಶನಕ್ಕೆ ಬೇಕಾದ ಪರ್ಸೆಂಟಿಗಿಂತ ಬಹಳ ಕಡಿಮೆ ಬಂತು.

ಹೊರಗೆ ಬಂದು ಅವ್ವ ಹಿಗ್ಗಿ ಹೇಳಿದಳು: "ನೋಡಿದ್ಯಾ? ಭಾಳ ಕಡಿಮಿ ರೋಗ ಅಂತ ಬರಕೊಟ್ರು!" ಮಗಳು ಪರೀಕ್ಷೆಯಲ್ಲಿ ಪಾಸಾದಳು ಎಂದು ಅವಳು ತಿಳಿದಿದ್ದಳು. ನಾವು ಫೇಲಾಗಿದ್ದೇವೆ ಎಂದು ವಿವರಿಸಿದಾಗ, ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು.

ಮುಂದೆ ಎರಡು ತಿಂಗಳು ಗುಳಿಗೆ ಹೊರಗೆ ಕೊಳ್ಳಬೇಕಾಯಿತು. ನಾನು ಅವ್ವನಿಗೆ ಹೇಳದೆ ದಿನ ಬಿಟ್ಟು ದಿನ ನುಂಗತೊಡಗಿದೆ. ಒಂದು ಮಧ್ಯಾಹ್ನ ಶಹಾಪುರದ ಬಸ್ಸಿನಲ್ಲಿ ಕಂಡಕ್ಟರ್ ಏನೋ ತಮಾಷೆ ಮಾಡಿದ. ಎಲ್ಲರೂ ನಕ್ಕು ಸುಮ್ಮನಾದರು, ನಾನು ಸುಮ್ಮನಾಗಲಿಲ್ಲ. ಕಿಟಕಿಯಾಚೆ ಮಲಗಿದ ಬುದ್ಧನಂತೆ ಕಾಣುವ ನಮ್ಮ ಬೆಟ್ಟ ಆವತ್ತು ಎಷ್ಟು ಚೆಂದ ಕಂಡಿತೆಂದರೆ, ಇಳಿದು ಅದಕ್ಕೂ ಬಣ್ಣ ಬಳಿಯಬೇಕು ಅನಿಸಿತು. ಖುಷಿಯಾಗುತ್ತಿದೆ ಎಂದು ಹೆದರಿ, ಮನೆಗೆ ಓಡಿ ಅವ್ವನ ಮುಂದೆ ಎಲ್ಲ ಒಪ್ಪಿಕೊಂಡೆ. ಅವ್ವ ಬೈಯಲಿಲ್ಲ. ಮರುದಿನವೇ ಯಾದಗಿರಿಗೆ ಕರೆದುಕೊಂಡು ಹೋದಳು.

ಡಾಕ್ಟರು ಗುಳಿಗೆ ಸರಿಪಡಿಸಿದರು. ಆ ತಿಳಿಹೇಳುವ ಹೆಣ್ಣುಮಗಳು ಅವ್ವನಿಗೆ ಚೆನ್ನಾಗಿ ಗದರಿದಳು. "ಮತ್ತೊಮ್ಮಿ ಅರ್ಜಿ ಹಾಕ್ರಿ. ಬೋರ್ಡಿನ ಮುಂದ ಛಲೋ ದಿನ ಹೇಳಬ್ಯಾಡ್ರಿ ಆಯಿ. ಎಲ್ಲಾಕ್ಕಿಂತ ಕೆಟ್ಟ ದಿನ ಯಾವ್ದು, ಅದನ್ನ ಹೇಳ್ರಿ. ಈ ಸಲಾನೂ ಹೊಗಳಿದ್ರ ಮಗಳ ಗುಳಿಗಿ ನೀವೇ ಕಸಗೊಂಡಂಗ."

ಎರಡನೇ ಸಲ ಬೋರ್ಡಿನ ಮುಂದೆ ಕೂತಾಗ ಅವ್ವ ನೆಲ ನೋಡುತ್ತಿದ್ದಳು. ನಾನು ಎರಡು ತಿಂಗಳು ಮಲಗಿದ್ದನ್ನು ಹೇಳುತ್ತಾಳೆ, ಸಾಯುತ್ತೇನೆ ಎಂದದ್ದನ್ನು ಹೇಳುತ್ತಾಳೆ ಎಂದು ಕಾಯುತ್ತಿದ್ದೆ.

"ಈಕಿ ಸಾಲ್ಯಾಗ ಗದ್ಲಾ ಮಾಡಿದ ದಿನ ನನಗ ಫೋನ್ ಬಂತ್ರಿ," ಎಂದು ಶುರುಮಾಡಿದಳು. "ಹೊಲದಾಗಿಂದ ಹಂಗೇ ಓಡಿ ಹೋದೆ. ಸೀರಿಗೆಲ್ಲಾ ಕೆಸರಾಗಿತ್ತು. ಈಕಿ ಅಂಗಳದಾಗ ನಿಂತಿದ್ಲು, ಸುತ್ತ ಹುಡುಗ್ರು. ಬಾ ಮಗಳ, ಮನಿಗಿ ಹೋಗಮು ಅಂದೆ. ಈಕಿ ನನ್ನ ನೋಡಿ, 'ಈಕಿ ಯಾರು, ನನ್ನ ತಾಯಿ ಅಲ್ಲ, ಕಸಾ ಹೊಡಿಯಾಕಿ' ಅಂದ್ಲು. ಬಾರಗಿ ತಂದು ಕೈಯಾಗ ಕೊಟ್ಟು, ಈ ಅಂಗಳಾ ಗುಡಸು ಅಂದ್ಲು."

ಆ ದಿನದ ಮೈಕು ನೆನಪಿದೆ. ಅದರ ನಂತರದ್ದು ಏನೂ ನೆನಪಿಲ್ಲ. ಯಾರೂ ಹೇಳಿರಲಿಲ್ಲ.

"ನೀವೇನು ಮಾಡಿದ್ರಿ?" ಎಂದರು ಡಾಕ್ಟರು.

"ಗುಡಿಸಿದ್ನಿರಿ. ಇಡೀ ಅಂಗಳ. ಬ್ಯಾಡಂದ್ರ ಹುಡುಗ್ರ ಮುಂದ ಇನ್ನೇನ ಮಾಡ್ತಿದ್ಲೋ. ಗುಡಿಸಿ ಮುಗಿಸಿದ ಮ್ಯಾಲ ಸುಮ್ಮಗಾದ್ಲು. ಆಟೋದಾಗ ಕುಂದ್ರಿಸಿಕೊಂಡು ಬಂದೆ."

ನನ್ನ ಅಜ್ಜಿ ಊರಿನ ದೊಡ್ಡವರ ಅಂಗಳ ಗುಡಿಸಿ ಬಂದ ಕೂಳಿನಲ್ಲಿ ಮಕ್ಕಳನ್ನು ಸಾಕಿದವಳು. ತಾನು ಸತ್ತರೂ ಒಬ್ಬರ ಅಂಗಳ ಗುಡಿಸುವುದಿಲ್ಲ ಎಂದು ಅವ್ವ ಹದಿನೈದನೇ ವಯಸ್ಸಿಗೆ ಹತ್ತಿ ಹೊಲಕ್ಕೆ ಇಳಿದಿದ್ದಳು. ನನ್ನನ್ನು ಓದಿಸಿದ್ದೇ ಆ ಕಸಬರಿಗೆ ನನ್ನ ಕೈಗೂ ಬರಬಾರದು ಎಂದು. ಅದನ್ನು ನಾನೇ ಒಯ್ದು ಅವಳ ಕೈಗೆ ಕೊಟ್ಟಿದ್ದೆ, ನನ್ನ ವಿದ್ಯಾರ್ಥಿಗಳೆಲ್ಲರ ಮುಂದೆ, ನನ್ನ ಬದುಕಿನ ಅತ್ಯಂತ ಸಂತೋಷದ ದಿನಗಳಲ್ಲಿ.

ಬೋರ್ಡಿನವರು ಇನ್ನೂ ಒಂದೆರಡು ಪ್ರಶ್ನೆ ಕೇಳಿ ಬರೆದರು. ಈ ಸಲ ಮಾಸಾಶನಕ್ಕೆ ಸಾಲುವಷ್ಟು ಪರ್ಸೆಂಟ್ ಬಂತು. ಕಾಗದ ತೆಗೆದುಕೊಂಡು ನಾವು ಬಸ್ ನಿಲ್ದಾಣಕ್ಕೆ ನಡೆದೆವು. ಶಹಾಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಅವ್ವ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಅವಳು ಕಾರ್ಡಿಗಾಗಿ ಕಟ್ಟಿ ಹೇಳಿರಲಿ ಎಂದು ನಾನು ಹಾರೈಸುತ್ತಿದ್ದೆ.

"ಅವ್ವಾ, ಆ ಅಂಗಳದ ಮಾತು ಖರೇನಾ? ಇಲ್ಲಾ, ರೊಕ್ಕ ಸಿಗಲಿ ಅಂತ ಸುಳ್ಳು ಹೇಳಿದ್ಯಾ?"

ಅವಳು ನನ್ನ ಕಡೆ ತಿರುಗಲಿಲ್ಲ. ಬಸ್ಸು ಬರುವ ದಾರಿಯನ್ನೇ ನೋಡುತ್ತಿದ್ದಳು.

"ಸುಳ್ಳೆಲ್ಲಾ ನಿನ್ನ ಹೊಗಳಾಕ ಹೇಳೇನಿ," ಎಂದಳು. "ಬೈಯಾಕ ಒಂದೂ ಹೇಳಿಲ್ಲ."